ನಮ್ಮ ಬೀದಿಯ ಚರಂಡಿಯೂ ನನ್ನ ವಾದವೂ

ಶಿಡ್ಲಘಟ್ಟದಲ್ಲಿ ನನ್ನ ಸೋದರಮಾವನ ಬೀದಿಯವರು ಈಗಲೂ ಹೇಳುವ ಕಥೆ ಹೀಗಿದೆ. ಚರಂಡಿಗೆ ನೀರು ಬಿಡುವ ಮುದುಕ ಸೋಮಾರಿ. ಮನಸ್ಸು ಬಂದಾಗ ನೀರು ಬಿಡುತ್ತಿದ್ದ, ಅದರಿಂದ ಎಲ್ಲರ ವಂತಿಗೆ ಏರಿತು. ಆಗ ಹೈಸ್ಕೂಲು ಮುಗಿಸಿದ್ದ ಒಬ್ಬ ಹುಡುಗಿ ನೋಟ್‌ಬುಕ್ ಹಿಡಿದು ಬಂದು, ತುಂಬಿದ ಸಭೆಯಲ್ಲಿ ಅವನ ಬಣ್ಣ ಬಯಲು ಮಾಡಿದಳು. ಮುದುಕ ಊರು ಬಿಟ್ಟ. ಆಮೇಲೆ ಪುರಸಭೆಯವರು ಬಂದರು, ಬೀದಿ ಉದ್ಧಾರವಾಯಿತು.

ಕೇಳುವವರು ತಲೆದೂಗುತ್ತಾರೆ. ಕಥೆಯೊಳಗಿನ ಹುಡುಗಿ ನಾನೇ ಆದ್ದರಿಂದ ನನಗೂ ಅದು ಹಿತವಾಗಿಯೇ ಕೇಳಿಸಬೇಕಿತ್ತು. ಆದರೆ ನನ್ನದೊಂದು ತಕರಾರಿದೆ. ಸೋಮಾರಿ ಹೋದ ಮೇಲೆ ಚರಂಡಿ ಇನ್ನೂ ಚೆನ್ನಾಗಿ ಹರಿಯಬೇಕಿತ್ತಲ್ಲವೆ? ಮೂರೇ ವಾರಕ್ಕೆ ಯಾಕೆ ಕಟ್ಟಿಕೊಂಡಿತು? ಕಥೆ ಹೇಳುವವರು ಆ ಜಾಗಕ್ಕೆ ಬರುವ ಮೊದಲೇ ಕಾಫಿ ತರಿಸುತ್ತಾರೆ.

ಊರಿನ ಹಳೇ ಬೀದಿಗಳಿಗೆ ಪುರಸಭೆಯ ಚರಂಡಿ ಇತ್ತು. ಮಾವನ ಬೀದಿ ಹೊಸದು; ಪುರಸಭೆಯವರು ಇವತ್ತು ಬರುತ್ತೇವೆ ನಾಳೆ ಬರುತ್ತೇವೆ ಎನ್ನುತ್ತಲೇ ಇದ್ದರು. ಕಾದು ಸಾಕಾಗಿ ಬೀದಿಯವರೇ ಸಂಘ ಕಟ್ಟಿಕೊಂಡು, ಊರಾಚೆಯ ತೋಟದವರೆಗೆ ಒಂದು ಚರಂಡಿ ತೋಡಿಸಿ, ಮೇಲೆ ಕಲ್ಲುಚಪ್ಪಡಿ ಹಾಸಿದರು. ಬೀದಿಯ ಮೇಲ್ತುದಿಯಲ್ಲಿ ಒಂದು ಕಲ್ಲಿನ ತೊಟ್ಟಿ. ಪಕ್ಕದ ಬಾವಿಯ ಪಂಪಿನಿಂದ ಅದನ್ನು ತುಂಬಿಸಬೇಕು. ತೊಟ್ಟಿಯ ತಳದಲ್ಲಿ ಕೆರೆಯ ತೂಬಿಗಿರುವಂಥದೇ ಒಂದು ಕಂಡಿ, ಅದಕ್ಕೆ ಉದ್ದನೆಯ ಮರದ ಗೂಟ. ಗೂಟ ಎತ್ತಿದರೆ ನೀರು ಒಮ್ಮೆಗೇ ನುಗ್ಗಿ ಬೀದಿಯ ಕೊಳೆಯನ್ನೆಲ್ಲ ತಳ್ಳಿಕೊಂಡು ಹೋಗುತ್ತಿತ್ತು. ಇದಕ್ಕೆ ಮನೆಮನೆಯೂ ತಿಂಗಳ ವಂತಿಗೆ ಕೊಡಬೇಕು. ಆಣೆಯಲ್ಲಿ ಹೇಳಿ ನಯಾಪೈಸೆಯಲ್ಲಿ ಕೊಡುತ್ತಿದ್ದ ಕಾಲ ಅದು. ದೊಡ್ಡ ಮನೆಗೂ ಚಿಕ್ಕ ಮನೆಗೂ ಒಂದೇ ದರ. ಸಂಘದ ಅಧ್ಯಕ್ಷರು ನಮ್ಮ ಮಾವ.

ಆ ಬೀದಿಯ ಬೆಳಗುಗಳು ನನಗೆ ನೆನಪಾಗುವುದು ಹಬೆಯ ಮೂಲಕವೇ. ಅರ್ಧಕ್ಕರ್ಧ ಮನೆಗಳಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುತ್ತಿದ್ದರು. ಮಾವನ ಹಿತ್ತಿಲಲ್ಲೇ ಎಂಟು ಒಲೆ, ಎಂಟು ಚರಕ. ಬೆಳಕು ಹರಿಯುವ ಮೊದಲೇ ಒಲೆ ಹೊತ್ತುತ್ತಿತ್ತು. ಮಾಡಿನ ಕಿಂಡಿಗಳಿಂದ ಹೊಗೆ, ಬಾಗಿಲುಗಳಿಂದ ಹಬೆ. ಎರಡೂ ಬೀದಿಯ ಮಧ್ಯೆ ಕೂಡಿಕೊಂಡು ಎದುರು ಮನೆ ತೇಲಿದಂತೆ ಕಾಣುತ್ತಿತ್ತು. ಬೆಂದ ಹುಳುವಿನ ವಾಸನೆಗೆ ಮೊದಲ ದಿನ ಮೂಗು ಮುಚ್ಚಿಕೊಂಡರೂ ನಾಲ್ಕನೇ ದಿನಕ್ಕೆ ಅದು ಮನೆಯ ವಾಸನೆಯೇ ಆಗಿಬಿಡುತ್ತಿತ್ತು. ಆ ಮಬ್ಬಿನೊಳಗೆ ಎಲ್ಲೋ ಚಪ್ಪಡಿಗಳ ಕೆಳಗೆ ನೀರು ಗುಡುಗುಡು ಎಂದು ಓಡಿದ ಸದ್ದು. ನಮ್ಮೂರು ನಗರಗೆರೆಯಲ್ಲಿ ಅಂಥ ಸದ್ದೇ ಇರಲಿಲ್ಲ. ಅರೆನಿದ್ದೆಯಲ್ಲಿ ಅದನ್ನು ಕೇಳುತ್ತ, ಮನೆಯ ಅಡಿಯಲ್ಲೇ ಒಂದು ಹೊಳೆಯಿದೆ ಎಂದುಕೊಳ್ಳುತ್ತಿದ್ದೆ. ಚರಂಡಿ ಎಂದು ಗೊತ್ತಿದ್ದೂ ಹಾಗೆ ಅಂದುಕೊಳ್ಳುವುದರಲ್ಲಿ ಒಂದು ಸುಖವಿತ್ತು.

ಗೂಟ ಎತ್ತುವುದಕ್ಕೆ ಸಂಘದವರು ಒಬ್ಬ ನೀರುಗಂಟಿಯನ್ನು ಕರೆತಂದಿದ್ದರು. ಕೆರೆಯ ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುವುದು ನೀರುಗಂಟಿಗಳ ಕೆಲಸ, ಅಪ್ಪನಿಂದ ಮಗನಿಗೆ ಬರುವಂಥದು. ಯಾವ ಗದ್ದೆಗೆ ಎಷ್ಟು ಹೊತ್ತು ಎಂದು ಅವರು ಹೇಳಿದರೆ ಗದ್ದೆಯ ಯಜಮಾನನೂ ಎದುರಾಡುವಂತಿಲ್ಲ. ಕೆರೆ ಏರಿಯ ಮೇಲೆ ಅಷ್ಟು ಮರ್ಯಾದೆ. ಊರೊಳಗೆ ಮಾತ್ರ ಯಾರ ಜಗಲಿಯನ್ನೂ ಹತ್ತುವಂತಿಲ್ಲ. ನಮ್ಮ ಬೀದಿಗೆ ಬಂದವರು ಅರವತ್ತು ದಾಟಿದ್ದರು. ತೆಳ್ಳಗೆ, ಎತ್ತರಕ್ಕೆ ಇದ್ದರು. ನನ್ನನ್ನು ಕಂಡರೆ "ಏಮಮ್ಮಾ, ತಿಂಡಿ ಆಯ್ತಾ" ಎಂದು ತೆಲುಗನ್ನೂ ಕನ್ನಡವನ್ನೂ ಒಟ್ಟಿಗೇ ಆಡುತ್ತಿದ್ದರು. ನಾನು ತಾತ ಎನ್ನುತ್ತಿದ್ದೆ. ಅವರ ಕೂಲಿ, ತಿಂಗಳಿಗೆ ಮನೆಗೊಂದು ಸೇರು ರಾಗಿ. ಅವರ ಮನೆಯಲ್ಲಿ ಆರು ಜನ ಊಟ ಮಾಡುತ್ತಿದ್ದುದು ಆ ರಾಗಿಯಲ್ಲಿ.

ಇನ್ನು ನಾನು. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು, ರಿಸಲ್ಟ್ ಬರುವವರೆಗೆ ಎಂದು ಮಾವನ ಮನೆಯಲ್ಲಿದ್ದೆ. ಚರ್ಚಾಸ್ಪರ್ಧೆಗೆಂದು ಗೌರಿಬಿದನೂರಿನಿಂದ ಚಿಕ್ಕಬಳ್ಳಾಪುರಕ್ಕೆ, ಚಿಂತಾಮಣಿಗೆ ಬಸ್ಸಿನಲ್ಲಿ ಹೋಗಿ ಬಹುಮಾನ ಹೊತ್ತು ತಂದವಳು. ವಿಷಯದ ಪರ ಮಾತಾಡು ಎಂದರೆ ಪರ, ವಿರೋಧ ಎಂದರೆ ವಿರೋಧ. ಎದುರಾಳಿ ಏನು ಹೇಳಬಹುದೋ ಅದನ್ನು ಮೊದಲು ನೀನೇ ಹೇಳಿ ಮುರಿದುಬಿಡು ಎಂದು ಮೇಷ್ಟ್ರು ಕಲಿಸಿದ್ದರು. ಯಾರು ಏನು ಹೇಳಿದರೂ "ಅದಕ್ಕೆ ಆಧಾರ?" ಎನ್ನುತ್ತಿದ್ದೆ. ಅತ್ತೆ ಉಪ್ಪು ಸರಿಯಾಗಿದೆ ಎಂದರೂ. ಮಾವ ನಗುತ್ತ ನನ್ನನ್ನು ಲಾಯರಮ್ಮ ಎಂದು ಕರೆಯುತ್ತಿದ್ದರು.

ಆ ಬೇಸಿಗೆಯಲ್ಲಿ ವಂತಿಗೆ ಏರಿತು. ಎದುರು ಮನೆಯ ಟೀಚರಮ್ಮ ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಅವರ ಮನೆಯಲ್ಲಿ ಒಲೆಯೂ ಇಲ್ಲ ಚರಕವೂ ಇಲ್ಲ. ಅವರು ನನ್ನನ್ನು ಕರೆದು, ತಮ್ಮ ಮನೆಯಿಂದ ಹೋಗುವುದು ಎರಡು ಬಕೆಟ್ ಸ್ನಾನದ ನೀರು, ನಿಮ್ಮ ಮಾವನದು ಎಂಟು ಒಲೆ, ವಂತಿಗೆ ಮಾತ್ರ ಯಾಕೆ ಒಂದೇ ಎಂದು ಕೇಳಿದರು. ಅಧ್ಯಕ್ಷರ ಮನೆಯವಳಲ್ಲವೆ, ನೀನಾದರೂ ಕೇಳಮ್ಮ ಎಂದರು. ನಾನು ಅಂದೇ ಕೇಳಿದೆ. ಮಾವನಿಗೆ ಸಿಟ್ಟೇನೂ ಬರಲಿಲ್ಲ. ವಂತಿಗೆ ಏರಿದ್ದು ಪಂಪಿನ ಕರೆಂಟಿನಿಂದ, ಪಂಪು ಓಡುವುದು ಮುದುಕ ಹೊತ್ತಿಲ್ಲದ ಹೊತ್ತಿನಲ್ಲಿ ನೀರು ಬಿಡುವುದರಿಂದ ಎಂದು ಸಮಾಧಾನವಾಗಿ ಹೇಳಿ, "ನನ್ನ ಮಾತು ನಂಬಬೇಡ ಲಾಯರಮ್ಮ, ನೀನೇ ಪರೀಕ್ಷೆ ಮಾಡಿ ನೋಡು" ಎಂದರು.

ಎಲ್ಲವನ್ನೂ ಅನುಮಾನಿಸುತ್ತಿದ್ದವಳು ನನ್ನ ಕೈಗೆ ಕೊಟ್ಟ ಪ್ರಶ್ನೆಯನ್ನು ಅನುಮಾನಿಸಲಿಲ್ಲ. ಟೀಚರಮ್ಮ ಕೇಳಿದ್ದು ಒಂದು, ಮಾವ ಕೊಟ್ಟದ್ದು ಇನ್ನೊಂದು. ದಾರಿಯಲ್ಲಿ ಪ್ರಶ್ನೆ ಬದಲಾಗಿತ್ತು, ನನಗೆ ಅದು ತಿಳಿಯಲೇ ಇಲ್ಲ.

ಹತ್ತು ದಿನ ಮಾಳಿಗೆಯ ಮೇಲೆ ಕೂತು ಬರೆದೆ. ಮಾವನ ಗಡಿಯಾರ ತೊಡೆಯ ಮೇಲೆ. ತಾತ ಒಂದು ದಿನ ಏಳೂಕಾಲಿಗೆ ಗೂಟ ಎತ್ತಿದರೆ ಮಾರನೆಯ ದಿನ ಎಂಟೂವರೆಗೆ. ಗೂಡಿನ ಸಂತೆಯ ಮಾರನೆಯ ದಿನಗಳಲ್ಲಿ ಎರಡು ಸಲ. ಗೂಟ ಎತ್ತುವ ಮೊದಲು ತೊಟ್ಟಿಯ ಕಟ್ಟೆಯ ಮೇಲೆ ಕೂತು ಸುಮ್ಮನೆ ಆಕಾಶ ನೋಡುತ್ತಿದ್ದರು. ಅದನ್ನೂ ಬರೆದುಕೊಂಡೆ: "ಆಕಾಶ ನೋಡುತ್ತ ಕಾಲಹರಣ." ಹಬೆಯಲ್ಲಿ ಅವರ ಅರ್ಧ ಮೈ ಮಾತ್ರ ಕಾಣುತ್ತಿತ್ತು, ಕೈಯಲ್ಲಿ ಆ ಉದ್ದನೆಯ ಗೂಟ. ಚೆಂದದ ದೃಶ್ಯ, ಈಗ ಕಣ್ಣು ಮುಚ್ಚಿದರೂ ಕಾಣುತ್ತದೆ. ಅಷ್ಟು ನೋಡಿದವಳು ಅವರು ಎತ್ತ ನೋಡುತ್ತಿದ್ದಾರೆ ಎಂಬುದನ್ನು ಮಾತ್ರ ನೋಡಲಿಲ್ಲ.

ಸಭೆ ಮಾವನ ಜಗಲಿಯ ಮೇಲೆ ಸೇರಿತು. ಯಜಮಾನರೆಲ್ಲ ಚಾಪೆಯ ಮೇಲೆ. ನಾನು ಹೊಸಿಲಿನ ಒಳಗಡೆ, ಬಾಗಿಲಿಗೆ ಒರಗಿಕೊಂಡು. ತಾತ ಮೆಟ್ಟಿಲ ಕೆಳಗೆ, ಚರಂಡಿಯ ಪಕ್ಕ, ನಿಂತುಕೊಂಡು. ಹೆಣ್ಣುಮಗು ಸಭೆಯಲ್ಲಿ ಮಾತಾಡುವುದುಂಟೆ ಎಂದು ಒಬ್ಬರು ಗೊಣಗಿದರು. ಮಾವ, ಓದಿದ ಹುಡುಗಿ, ಲೆಕ್ಕ ಹೇಳುತ್ತಾಳೆ ಕೇಳಿ ಎಂದರು. ನಾನು ಹೇಳಿದೆ. ಹತ್ತು ದಿನದ ಹೊತ್ತುಗಳನ್ನು ಒಂದೊಂದಾಗಿ ಓದಿದೆ. ವಯಸ್ಸಾದವರು, ಪಾಪ ಎನ್ನಬಹುದು, ಆದರೆ ಪಾಪ ಎನ್ನುವುದು ಆಧಾರವಲ್ಲ ಎಂದೆ. ದಿನಾ ಬೆಳಿಗ್ಗೆ ಆರಕ್ಕೆ ಸರಿಯಾಗಿ ಒಂದೇ ಒಂದು ಸಲ ಗೂಟ ಎತ್ತಿದರೆ ಕರೆಂಟು ಉಳಿಯುತ್ತದೆ, ಅದಕ್ಕೆ ನೀರುಗಂಟಿಯೇ ಬೇಕಿಲ್ಲ, ಗಡಿಯಾರ ಸಾಕು ಎಂದು ಮುಗಿಸಿದೆ. ಆ ಕೊನೆಯ ಮಾತಿಗೆ ಎಲ್ಲರೂ ನಕ್ಕರು. ಗೊಣಗಿದವರೇ ಮೊದಲು ಭಲೆ ಎಂದರು.

ತಾತನ ಕಡೆ ಯಾರೂ ತಿರುಗಲಿಲ್ಲ. ಇಷ್ಟೂ ಸ್ಪರ್ಧೆಗಳಲ್ಲಿ ಎದುರು ಪಕ್ಷಕ್ಕೆ ಕುರ್ಚಿಯಾದರೂ ಇರುತ್ತಿತ್ತು, ಗಂಟೆ ಬಾರಿಸಿ ಅವರನ್ನೂ ಕರೆಯುತ್ತಿದ್ದರು. ಆಗ ಅದು ನನಗೆ ಹೊಳೆಯಲಿಲ್ಲ. ಮಾವ, ನಾಳೆಯಿಂದ ನೀನು ಬರಬೇಕಾಗಿಲ್ಲ ಕಣಯ್ಯ ಎಂದರು. ತಾತ ಕೈಯಲ್ಲಿದ್ದ ಗೂಟವನ್ನು ಗೋಡೆಗೆ ಒರಗಿಸಿ, ಅದು ಜಾರಲಿಲ್ಲ ಎಂದು ನೋಡಿಕೊಂಡು ಹೊರಟರು.

ಮಾರನೆಯ ದಿನದಿಂದ ಆರು ಗಂಟೆಗೆ ನೀರು. ಮೊದಮೊದಲು ಎಲ್ಲ ಸರಿಯಾಗಿಯೇ ಇತ್ತು. ವಂತಿಗೆ ಇಳಿಯುತ್ತದೆ ಎಂದು ಜನ ನನ್ನ ಬೆನ್ನು ತಟ್ಟಿದರು. ಎರಡನೇ ವಾರ ಚಪ್ಪಡಿ ಸಂದಿಗಳಿಂದ ಬೇರೆ ಥರದ ವಾಸನೆ ಬಂತು. ಮೂರನೇ ವಾರ ಟೀಚರಮ್ಮನ ಮನೆ ಮುಂದಿನ ತಿರುವಿನಲ್ಲಿ ಚರಂಡಿ ಪೂರಾ ಕಟ್ಟಿಕೊಂಡು, ಕೊಳೆಯೆಲ್ಲ ಹಿಂದಕ್ಕೆ ಉಕ್ಕಿ, ಅವರ ಅಂಗಳಕ್ಕೆ ನುಗ್ಗಿ ಅಲ್ಲಿನ ಬಾವಿಗೆ ಇಳಿಯಿತು. ಚಪ್ಪಡಿ ಎತ್ತಿ ನೋಡಿದರೆ ಒಳಗೆ ಹಳದಿ ಬಣ್ಣದ ಜಿಗಟು, ಆರಿದ ಗಂಜಿಯ ಮೇಲೆ ಕಟ್ಟುವ ಕೆನೆಯ ಹಾಗೆ, ಗೇಣು ದಪ್ಪ. ಟೀಚರಮ್ಮ ನನ್ನನ್ನು ಬೈಯಲಿಲ್ಲ. ಬಾವಿಯೊಳಗೆ ಬಗ್ಗಿ ನೋಡಿ, "ನಾನು ಕೇಳಿದ್ದು ಇದನ್ನಲ್ಲವಲ್ಲಮ್ಮ" ಎಂದರು, ಅಷ್ಟೇ.

ಆ ಮಧ್ಯಾಹ್ನ ಯಾರಿಗೂ ಹೇಳದೆ ತಾತನ ಮನೆಗೆ ಹೋದೆ. ಕೆರೆ ಏರಿ ದಾಟಿ ಆಚೆ. ನೀರು ಕಡಿಮೆಯಾಗಿ ಕೆರೆಯ ಅಂಗಳದಲ್ಲಿ ಬಿಸಿಲು ನಡುಗುತ್ತಿತ್ತು. ನಡೆಯುತ್ತಿರುವುದು ನಾನೋ ಅಥವಾ ಏರಿಯೇ ಹಿಂದಕ್ಕೆ ಸರಿಯುತ್ತಿದೆಯೋ ಎನ್ನಿಸುವಂಥ ಹೊತ್ತು. ತಾತ ಹುಣಸೆ ಮರದ ಕೆಳಗೆ ಕತ್ತಾಳೆ ನಾರಿನ ಹಗ್ಗ ಹೊಸೆಯುತ್ತಿದ್ದರು. ಸೊಸೆ ಚಾಪೆ ಹಾಸಿದಳು. ಕೂತೆ. ಚರಂಡಿ ಕಟ್ಟಿದ್ದು ಅವರಿಗೆ ಆಗಲೇ ತಿಳಿದಿತ್ತು. ನೀವು ಆ ಹೊತ್ತುಗಳನ್ನು ಹೇಗೆ ಆರಿಸುತ್ತಿದ್ದಿರಿ ಎಂದು ಕೇಳಿದೆ.

"ಹೊತ್ತು ನನಗೆಲ್ಲಿ ಗೊತ್ತಮ್ಮ. ಹೊಗೆ ನೋಡ್ತಿದ್ದೆ."

ಹಗ್ಗ ಹೊಸೆಯುತ್ತಲೇ ಬಿಡಿಸಿ ಹೇಳಿದರು. ಗೂಡು ಬೇಯಿಸಿದ ನೀರಿನಲ್ಲಿ ರೇಷ್ಮೆಯ ಅಂಟು ಕರಗಿರುತ್ತದೆ. ಬಿಸಿಯಾಗಿರುವವರೆಗೆ ಅದು ನೀರೇ. ಆರಿದರೆ ಕಲ್ಲಿಗೆ ಹಿಡಿಯುತ್ತದೆ. ಒಲೆಗಳ ಹೊಗೆ ತೆಳ್ಳಗಾಯಿತೆಂದರೆ ಬೆಂಕಿ ಎಳೆಯುತ್ತಿದ್ದಾರೆ, ಇನ್ನೇನು ಬಾಣಲೆ ಬಗ್ಗಿಸುತ್ತಾರೆ ಎಂದು ಅರ್ಥ. ಆ ಬಿಸಿನೀರಿನ ಬೆನ್ನಿಗೇ ತೊಟ್ಟಿಯ ನೀರು ಬಿಟ್ಟರೆ ಎಲ್ಲ ಒಟ್ಟಿಗೆ ತೋಟ ಸೇರುತ್ತದೆ. ಗೂಡು ಗಟ್ಟಿಯಿದ್ದ ದಿನ ತಡ, ಹಸಿಯಿದ್ದ ದಿನ ಬೇಗ. ಸಂತೆಯ ಮಾರನೆಯ ದಿನ ಎರಡು ಸಲ ಬೇಯಿಸುತ್ತಾರೆ, ಆದ್ದರಿಂದ ಎರಡು ಸಲ ನೀರು. ನನ್ನ ನೋಟ್‌ಬುಕ್ಕಿನ ಹತ್ತು ದಿನದ ಹೊತ್ತುಗಳೂ ಅಲ್ಲೇ ಒಂದೊಂದಾಗಿ ಸಾಲಾಗಿ ನಿಂತವು, ಒಂದೂ ತಪ್ಪಿರಲಿಲ್ಲ. ನಾನು ಬರೆದದ್ದೆಲ್ಲ ನಿಜ, ಹೇಳಿದ್ದು ಸುಳ್ಳು.

ನನಗೆ ಸೋಲುವ ಅಭ್ಯಾಸವಿರಲಿಲ್ಲ. ಮೇಲೆಬಿದ್ದು ಕೇಳಿದೆ: "ಇದನ್ನ ಅವತ್ತು ಸಭೇಲಿ ಯಾಕೆ ಹೇಳ್ಲಿಲ್ಲ ತಾತ?"

"ಕೇಳಿದ್ರಾ?" ಎಂದರು. ಕೋಪವಿರಲಿಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದಂತೆ ಇತ್ತು. ಹಗ್ಗಕ್ಕೆ ಇನ್ನೊಂದು ಎಳೆ ಸೇರಿಸುತ್ತ, "ನಿಮ್ ಮಾವ ಯಜಮಾನ್ರಿಗೆ ಹೋದ ದೀಪಾವಳೀಲೇ ಹೇಳಿದ್ದೆ ಕಣಮ್ಮ. ಒಲೆ ಇರೋರು ಒಲೆ ಲೆಕ್ಕಕ್ಕೆ ವಂತಿಗೆ ಕೊಡ್ಲಿ, ಅಂಟು ಅವರದೇ ಅಲ್ವಾ, ಟೀಚರಮ್ಮ ಯಾಕೆ ಕೊಡ್ಬೇಕು ಅಂತ. ನಿನ್ ಕೆಲಸ ಗೂಟ ಎತ್ತೋದು ಅಂದ್ರು."

ಸೊಸೆ ಒಳಗಿನಿಂದಲೇ, ಅದನ್ನೆಲ್ಲ ಈಗ ಯಾಕೆ ಹೇಳುತ್ತೀಯ, ನಾಳೆ ಬೆಳಿಗ್ಗೆ ಊರು ಬಿಟ್ಟು ಬಸ್ಸಿಗೆ ಹೋಗುವವರು ನಾವು ಎಂದಳು. ಆಗ ತಿಳಿಯಿತು. ರಾಗಿ ನಿಂತು ತಿಂಗಳಾಗುತ್ತಿತ್ತು. ಮಗಳನ್ನು ತೊಂಡೇಬಾವಿಗೆ ಕೊಟ್ಟಿದ್ದರು. ಅಲ್ಲಿ ರೈಲು ಸ್ಟೇಷನ್ನಿನಲ್ಲಿ ಮೂಟೆ ಹೊರುವ ಕೆಲಸ ಸಿಗಬಹುದೆಂದು ಅಳಿಯ ಹೇಳಿಕಳಿಸಿದ್ದ. ಈ ವಯಸ್ಸಿನಲ್ಲಿ ಮೂಟೆಯೆ ಎಂದೆ. ಸಂಘದವರು ಮತ್ತೆ ಕರೆದರೆ ಇರುತ್ತೀರಾ ಎಂದು ಕೇಳಿದೆ.

"ಕರೆದ್ರೆ ಯಾಕಿರಲ್ಲ? ಕರೆಯೋರು ಕರೀಬೇಕು."

ಏರಿಯ ಮೇಲೆ ವಾಪಸು ಬರುವಾಗ ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಅಭ್ಯಾಸಬಲ. ಮಾವ ಹೀಗೆನ್ನಬಹುದು, ಅದಕ್ಕೆ ಹೀಗೆ. ಮರೆತೆ ಎನ್ನಬಹುದು, ಅದಕ್ಕೆ ಹಾಗೆ. ನಡುವೆ ಒಂದು ಯೋಚನೆ ಬಂದು ಎಲ್ಲ ಕಲಸಿಹೋಯಿತು. ಮುಂದೆ ಕಾಲೇಜಿಗೆ ನನ್ನನ್ನು ಓದಿಸುತ್ತೇನೆಂದು ಹೇಳಿದ್ದವರು ಮಾವ. ನಮ್ಮಪ್ಪ ಬೇಡ ಎಂದಾಗ ನನ್ನ ಪರವಾಗಿ ವಾದಿಸಿದ್ದವರೂ ಅವರೇ. ಕೇಳದೆ ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಬೆಳಿಗ್ಗೆಯ ಬಸ್ಸು ಹೊರಟುಹೋಗುತ್ತದೆ.

ಮನೆಗೆ ಬಂದಾಗ ಸಂಜೆಯಾಗುತ್ತಿತ್ತು. ಮಾವ ಹಿತ್ತಿಲಿನಲ್ಲಿ ಮೊರದ ತುಂಬ ಗೂಡು ಹರಡಿಕೊಂಡು, ಹಳದಿ ಗೂಡುಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ ಆರಿಸುತ್ತಿದ್ದರು. ಬಿಸಿಲು ಓರೆಯಾಗಿ ಬಿದ್ದು ಇಡೀ ಮೊರ ಹೊಳೆಯುತ್ತಿತ್ತು. ನನ್ನನ್ನು ನೋಡಿ, ಬಾ ಲಾಯರಮ್ಮ, ಎಲ್ಲಿ ಹೋಗಿದ್ದೆ ಬಿಸಿಲಲ್ಲಿ, ಚರಂಡಿಗೆ ಏನಾದರೂ ಉಪಾಯ ಹೊಳೆಯಿತೇ ಎಂದು ನಕ್ಕರು. ನಾನು ಕೂರಲಿಲ್ಲ. ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ.

"ಮಾವ, ತಾತ ನಿಮಗೆ ದೀಪಾವಳೀಲೇ ಎಲ್ಲಾ ಹೇಳಿದ್ರಂತಲ್ಲ" ಎಂದೆ. ಅವರ ಕೈ ಕಿವಿಯ ಹತ್ತಿರವೇ ನಿಂತಿತು. "ಗೊತ್ತಿದ್ದೂ ಅವತ್ತು ನನ್ನ ಕೈಲಿ ಯಾಕೆ ಮಾತಾಡಿಸಿದ್ರಿ?"