ಕಾಲು ಗಂಟೆ ಮುಂದಿದ್ದ ದೇಶ

ಚಳ್ಳಕೆರೆ ಶೇಂಗಾ ಮಂಡೀಲಿ ಕೂದಲು ಬೆಳ್ಳಗಾಗೋವರೆಗೂ ದಲ್ಲಾಳಿಯಾಗಿದ್ದೋನು ನಾನು. ನನ್ನ ಕೈಲಿ ಏಮಾರದೇ ಇರೋ ಮನುಷ್ಯ ಆ ಮಂಡೀಲಿ ಒಬ್ಬನೂ ಇಲ್ಲ. ಇದ್ರೆ ಅವನು ನನ್ನ ಕಂಡ ತಕ್ಷಣ ಬೇರೆ ಬೀದಿ ಹಿಡಿದಿರಬೇಕು. ಇಂಥ ನಾನು ಜೀವನದಾಗೆ ಒಂದೇ ಒಂದ್ಸಲ ಅಪ್ಪಟ ನಿಜ ಹೇಳ್ದೆ. ಅದೂ ನೇಪಾಳದಾಗೆ. ಯಾರೂ ನಂಬಲಿಲ್ಲ.

ಪಶುಪತಿನಾಥನ ದರ್ಶನಕ್ಕೆ ಹೋಗಾಣ ಅಂತ ನಮ್ಮ ಕಡೆಯೋರ ಒಂದು ತಂಡ ಕಟ್ಟಿ ಹೊರಡಿಸಿದೋನು ನನ್ನ ಗೆಳೆಯ. ಮೊಳಕಾಲ್ಮೂರಲ್ಲಿ ಮನೆಯೊಳಗೇ ಮಗ್ಗ ಹಾಕ್ಕೊಂಡು ರೇಷ್ಮೆ ಸೀರೆ ನೇಯೋನು. ಹೊರಡೋ ಹಿಂದಿನ ವಾರ ಅವನಿಗೆ ಎದೆನೋವು ಬಂತು. ದಾವಣಗೆರೆ ಆಸ್ಪತ್ರೆಯಾಗೆ ಮಲಗಿಕೊಂಡೇ, "ಒರೇ, ನೀನು ಹೋಗ್ಬಾರೋ. ನನ್ನ ಪಾಲಿಂದೂ ಕೈ ಮುಗಿ. ದೇವರಿಗೂ ಟೋಪಿ ಹಾಕಬೇಡ" ಅಂದ. ಅವನ ಬದಲು ಅವನ ಅಕ್ಕ ಬೇರೆ ಟಿಕೆಟ್ ತಗೊಂಡು ಬಂದ್ರು. ಅವ್ವ ಸತ್ತ ಮೇಲೆ ಅವನನ್ನ ಎತ್ತಿ ಆಡಿಸಿ ಸಾಕಿದೋರು ಅವರೇ. ತಮ್ಮನ ವಾಚನ್ನ ಸೆರಗಿನ ತುದಿಗೆ ಗಂಟು ಹಾಕ್ಕೊಂಡಿದ್ರು. ರೈಲಲ್ಲಿ ಕಿಟಕಿ ಪಕ್ಕದ ಅವನ ಸೀಟಿನ ಮೇಲೆ ಅವನ ಟವಲ್ ಹಾಸಿ, ಗೋರಖ್‌ಪುರದವರೆಗೂ ಯಾರನ್ನೂ ಕೂರಗೊಡಲಿಲ್ಲ. ಆ ಖಾಲಿ ಟವಲ್ ನೋಡ್ತಾ ನಾನು ಚಕ್ಕುಲಿ ಡಬ್ಬಿ ಮುಚ್ಚಿಟ್ಟೆ.

ಗಡಿ ದಾಟೋವಾಗ ನಮ್ಮ ಗೈಡು ನನಗೊಬ್ಬನಿಗೇ ಒಂದು ಮಾತು ಹೇಳ್ದ. ಮಂಡಿ ಸಾಬರ ಜೊತೆ ಏಗಿ ಕಲಿತ ಹಿಂದಿ ನಮ್ಮ ತಂಡದಾಗೆ ಇದ್ದದ್ದು ನನಗೇ ಅಲ್ವಾ? ನೇಪಾಳದ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದಂತೆ. ಒಂದು ಗಂಟೆ ಅಲ್ಲ, ಅರ್ಧ ಗಂಟೆ ಅಲ್ಲ, ಕಾಲು ಗಂಟೆ. ಇಂಥ ಮಾಲು ಕೈಗೆ ಸಿಕ್ಕಿದ್ರೆ ಸುಮ್ನೆ ಬಿಡ್ತೀನಾ? "ಎಲ್ರೂ ವಾಚು ಎರಡು ಗಂಟೆ ಮುಂದಿಡ್ರಪ್ಪೋ, ಇಲ್ಲಿ ಸರ್ಕಾರದ ಕಾನೂನು" ಅಂದೆ. ಮರುದಿನ ಪೂರ್ತಿ ತಂಡ ಕತ್ತಲಲ್ಲೇ ಸ್ನಾನ ಮಾಡಿ, ವಿಭೂತಿ ಹಚ್ಕೊಂಡು, ಬೀಗ ಹಾಕಿದ್ದ ಅಡುಗೆಮನೆ ಮುಂದೆ ತಿಂಡಿಗೆ ಕೂತಿತ್ತು. ನಾನು ಕಂಬಳಿ ಒಳಗೆ ನಗ್ತಿದ್ದೆ. ಬೈಗುಳ ಬಿತ್ತು ಅನ್ನಿ. ಆಮೇಲೆ ಎಲ್ರೂ ಹೋಟೆಲ್ ಗೋಡೆ ಗಡಿಯಾರ ನೋಡಿ ವಾಚು ಸರಿ ಮಾಡ್ಕೊಂಡ್ರು. ಅಕ್ಕನೂ ಸೆರಗು ಬಿಚ್ಚಿ ತಮ್ಮನ ವಾಚು ತಿರುಗಿಸಿದ್ರು. "ಊರಲ್ಲೂ ಇದೇ ಟೈಮು. ಇವನ ಮಾತು ಕೇಳಿ ಕೆಟ್ವಿ" ಅಂದ್ರು.

ಅವತ್ತು ಸಂಜೆಗೆ ಗೈಡಿನ ಫೋನಿಗೆ ಗೆಳೆಯನ ಮಗನ ಕರೆ ಬಂತು. ಸೋಮವಾರ ಬೆಳಗ್ಗೆ ಆಪರೇಷನ್. ಏಳೂವರೆಯಿಂದ ಒಂಬತ್ತು ರಾಹುಕಾಲ. ಅದು ಕಳೆದ ಮೇಲೆ ಒಳಗೆ ಕರ್ಕೊಂಡು ಹೋಗ್ರಿ ಅಂತ ಡಾಕ್ಟ್ರ ಕಾಲು ಹಿಡಿದು ಒಪ್ಪಿಸಿದ್ರಂತೆ. ಮಗ್ಗಕ್ಕೆ ಹೊಸ ನೂಲಿನ ಹಾಸು ಏರಿಸೋಕೂ ರಾಹುಕಾಲ ನೋಡೋ ಮನೆ ಅದು.

ಅಕ್ಕ ಅಲ್ಲೇ ಹರಕೆ ಹೊತ್ರು. "ಅವನು ಒಳಗೆ ಹೋಗೋ ಹೊತ್ತಿಗೆ ಸರಿಯಾಗಿ ನಾನು ಇಲ್ಲಿ ದೀಪ ಹಚ್ಚಬೇಕು. ಹೊರಗೆ ಬರೋವರೆಗೂ ಅದು ಆರಬಾರ್ದು. ರಾಹುಕಾಲದಾಗೆ ಹಚ್ಚಿದ್ರೆ ಮಾತ್ರ ಅವನಿಗೇ ಕೇಡು."

ಸೋಮವಾರ ಗುಡಿ ಹಿಂದಿನ ಹೊಳೆ ದಂಡೆಗೆ ಹೋದ್ವಿ. ಆ ಜಾಗ ನಮಗೆ ಗೊತ್ತಿರಲಿಲ್ಲ. ಆಚೆ ದಂಡೆ ಮೇಲೆ ಸಾಲಾಗಿ ಹೆಣ ಸುಡ್ತಿದ್ರು. ಹೊಗೆ ನೀರಿನ ಮೇಲೆ ತೆವಳಿಕೊಂಡು ನಮ್ಮ ಕಡೇಗೇ ಬರ್ತಿತ್ತು. ಒಂದು ಚಟ್ಟದ ಮೇಲಿನ ಹಳದಿ ಬಟ್ಟೆ ಗಾಳಿಗೆ ಪಟಪಟ ಅಂತಿತ್ತು. ಅಕ್ಕ ಅತ್ತ ಬೆನ್ನು ಮಾಡಿ ಕೂತು, ಹಣತೆಗೆ ತುಪ್ಪ ಹಾಕಿ, ವಾಚು ಮುಂದೆ ಇಟ್ಕೊಂಡ್ರು. ಒಂಬತ್ತು ಆಗ್ತಾ ಬಂತು. ನನಗೆ ಆಗ ಹೊಳೀತು. ಇಲ್ಲಿ ಒಂಬತ್ತು ಅಂದ್ರೆ ದಾವಣಗೆರೇಲಿ ಎಂಟೂ ಮುಕ್ಕಾಲು.

"ಅಕ್ಕಾರೇ, ತಡೀರಿ! ಊರಲ್ಲಿ ಇನ್ನೂ ರಾಹುಕಾಲ ಐತೆ. ಇದು ಕಾಲು ಗಂಟೆ ಮುಂದೈತೆ."

"ಲೇ, ಇವತ್ತೊಂದು ದಿನ ಬಾಯ್ಮುಚ್ಕೊಂಡಿರೋ."

"ನಿಮ್ಮಾಣೆ, ನಿಜ!"

"ಮೊನ್ನೆ ಎರಡು ಗಂಟೆ ಅಂದೆ. ಇವತ್ತು ಕಾಲು ಗಂಟೆ. ನಾಳೆ ಅರೆಪಾವು ಗಂಟೆ ಅಂತೀಯಾ? ಶೇಂಗಾ ತೂಗ್ದಂಗೆ ಟೈಮ್ ತೂಗ್ತೀಯೇನೋ?"

ಎಲ್ರೂ ನಕ್ರು. ಕಡ್ಡಿ ಗೀರೋ ಸದ್ದು ಕೇಳ್ತು. ದೀಪ ಹತ್ತಿಬಿಡ್ತು.

ಓಡಿಹೋಗಿ ಗೈಡನ್ನ ಎಳ್ಕೊಂಡು ಬಂದೆ. ಅವನು ಪಾಪ, ಕೈಬೆರಳಲ್ಲಿ ಎಣಿಸಿ ತೋರ್ಸಿ ಹೇಳ್ದ. ಗೌರಿಶಂಕರ ಅನ್ನೋ ಹಿಮದ ಬೆಟ್ಟದ ಲೆಕ್ಕಕ್ಕೆ ಈ ದೇಶದ ಟೈಮ್ ಇಟ್ಟಿರೋದಂತೆ, ಅದಕ್ಕೇ ಆ ಕಾಲು ಗಂಟೆ. ನಾನು ಅದನ್ನ ಕನ್ನಡ ಮಾಡಿ ಹೇಳ್ತಿದ್ದಂಗೆ ನಗ್ತಿದ್ದೋರೆಲ್ಲ ತಮ್ಮ ತಮ್ಮ ವಾಚು ನೋಡ್ಕೊಂಡ್ರು. ಅಕ್ಕನ ಮುಖ ಬೂದಿಯಾಯ್ತು. "ರಾಹು ಬಾಯಾಗೆ ನಾನೇ ಇಟ್ಟೆನಲ್ಲೋ ಅವನನ್ನ" ಅಂದ್ರು. ಆರಿಸಂಗಿಲ್ಲ, ಇಟ್ಕೊಳ್ಳಂಗೂ ಇಲ್ಲ. ಹೊಗೆ ಬಂದು ನಮ್ಮ ಕಣ್ಣು ತುಂಬ್ತು.

ಅಷ್ಟರಾಗೆ ಗೈಡಿನ ಫೋನು ಹೊಡ್ಕೊಂತು. ಗೆಳೆಯನ ಮಗ. ಅವನ ದನಿ ಒಡೆದಿತ್ತು. "ಮಾವ, ಅಪ್ಪಂಗೆ ಮತ್ತೆ ನೋವು ಜೋರಾಯ್ತು. ಡಾಕ್ಟ್ರು ಕಾಯಲಿಲ್ಲ. ಎಂಟೂ ಮುಕ್ಕಾಲಿಗೇ ಒಳಗೆ ಕರ್ಕೊಂಡು ಹೋದ್ರು."

ಅಂದ್ರೆ ಅವನು ಒಳಗೆ ಹೋದ ಗಳಿಗೆಗೇ ಇಲ್ಲಿ ದೀಪ ಹತ್ತಿತ್ತು. ಎರಡೂ ರಾಹುಕಾಲದಾಗೇ. ಇದನ್ನ ಒಳ್ಳೇದು ಅನ್ನಬೇಕೋ ಕೆಟ್ಟದ್ದು ಅನ್ನಬೇಕೋ, ನನ್ನಂಥ ಮಾತಿನ ಮಲ್ಲನಿಗೂ ತಿಳೀಲಿಲ್ಲ. ಇದ್ದದ್ದು ಇದ್ದಂಗೆ ಅಕ್ಕಂಗೆ ಹೇಳ್ದೆ.

ಅವರು ನನ್ನ ಮುಖ ನೋಡಿದ್ರು. "ಸಮಾಧಾನಕ್ಕೆ ಕಥೆ ಕಟ್ತೀಯಾ? ಬೇಡ ಕಣಪ್ಪ." ಬೈದಿದ್ರೇ ಚೆನ್ನಾಗಿರ್ತಿತ್ತು. ಅವರು ನನಗೆ ಯಾವತ್ತೂ 'ಅಪ್ಪ' ಅಂದೋರಲ್ಲ.

ಮಧ್ಯಾಹ್ನದವರೆಗೂ ಅಕ್ಕ ಏಳಲಿಲ್ಲ. ತುಪ್ಪ ಮುಗಿದಂಗೆಲ್ಲ ನಾನು ಹಾಕಿದೆ. ಗಾಳಿ ಬೀಸಿದ್ರೆ ನನ್ನ ಪಂಚೆ ಅಡ್ಡ ಹಿಡಿದೆ. ಆಚೆ ದಂಡೇಲಿ ಒಂದು ಚಿತೆ ಆರೋದ್ರೊಳಗೆ ಇನ್ನೊಂದಕ್ಕೆ ಕಟ್ಟಿಗೆ ಒಟ್ತಿದ್ರು. ಜನಿವಾರ-ಲಿಂಗ ಯಾವುದರ ಲೆಕ್ಕನೂ ಇಲ್ಲದೆ ನೆನಪಿಗೆ ಬಂದ ದೇವರನ್ನೆಲ್ಲ ಕರೆದೆ. ಫೋನು ಮತ್ತೆ ಹೊಡ್ಕೊಂಡಾಗ ಎತ್ತೋಕೆ ನನ್ನ ಕೈ ಬರಲಿಲ್ಲ. ಅಕ್ಕನೇ ಕಿತ್ಕೊಂಡ್ರು. ನನ್ನ ಬಾಯಿಂದ ಕೇಳೋ ಮಾತೇ ಇರಲಿಲ್ಲ. ಬಹಳ ಹೊತ್ತು ಬರೀ "ಹೂಂ, ಹೂಂ" ಅಂದ್ರು. ಆಮೇಲೆ ಹಣತೆ ಪಕ್ಕದಾಗೆ ತಲೆ ಊರಿ ಅತ್ರು.

"ಹೊರಗೆ ಬಂದವ್ನಂತೆ."

ಈಗ ಅವನು ಮೊಳಕಾಲ್ಮೂರಲ್ಲೇ ಅವನೆ. ಡಾಕ್ಟ್ರು ಬೇಡ ಅಂದ್ರೂ ದಿನಾ ಸ್ವಲ್ಪ ಹೊತ್ತು ಮಗ್ಗದಾಗೆ ಕೂರ್ತಾನೆ. ಆ ಮನೆ ಗೋಡೆ ಮೇಲೆ ಈಗ ಎರಡು ಗಡಿಯಾರ: ಒಂದು ನಮ್ಮದು, ಇನ್ನೊಂದು ನೇಪಾಳದ್ದು. ಮುಂದಿರೋ ಗಡಿಯಾರದಾಗೆ ರಾಹುಕಾಲ ಶುರುವಾದ್ರೆ ಅಕ್ಕ ಬಾಗಿಲು ಹಾಕ್ತಾರೆ, ಹಿಂದಿರೋದ್ರಲ್ಲಿ ಮುಗಿದ್ರೇನೇ ತೆಗೀತಾರೆ. ಯಾವ ಪಂಚಾಂಗದಾಗೂ ಇಲ್ಲದ ಕಾಲು ಗಂಟೆ ಆ ಮನೇಲಿ ರಾಹುವಿಗೆ ಸೇರಿಕೊಂಡೈತೆ.

ಮೊನ್ನೆ ನಾನು ಹೋದದ್ದು ಸರಿಯಾಗಿ ಆ ಕಾಲು ಗಂಟೆಯಾಗೇ. "ನಿಂತ್ಕೋ ಹೊರಗೆ" ಅಂದ್ರು ಅಕ್ಕ ಒಳಗಿಂದ. ಜಗಲಿ ಮೇಲೆ ಕೂತು ಮಗ್ಗದ ಲಾಳಿ ಸದ್ದು ಕೇಳ್ತಿದ್ದೆ. ಲಟ್, ಲಟ್, ಲಟ್. ಇದ್ದಕ್ಕಿದ್ದಂಗೆ ನಿಂತುಹೋಯ್ತು. ಎದ್ದು ಬಾಗಿಲಿಗೆ ಕಿವಿ ಇಟ್ಟೆ. ಏನೂ ಇಲ್ಲ. "ಅಕ್ಕಾರೇ!" ಅಂತ ಬಾಗಿಲು ಬಡಿದೆ.

ಆಗ ಒಳಗಿಂದ ಅವನ ನಗು ಬಂತು. "ಒರೇ, ಎಂಗೈತೋ ನನ್ನ ಟೋಪಿ?"

ನಾನೂ ನಕ್ಕೆ. ಆದ್ರೆ ಲಾಳಿ ಮತ್ತೆ ಶುರುವಾಗೋವರೆಗೂ ಬಾಗಿಲಿಂದ ಕಿವಿ ತೆಗೀಲಿಲ್ಲ.