ತಪ್ಪು ಕಪಾಟಿನಲ್ಲಿಟ್ಟ ಪುಸ್ತಕ

ನನ್ನ ಸೋದರತ್ತೆ ಲೈಬ್ರರಿಯನ್. ಅಂದರೆ, ಹೋದ ವರ್ಷದವರೆಗೆ ಆಗಿದ್ದಳು. ಅವಳ ಲೈಬ್ರರಿಯ ಮಕ್ಕಳ ಕೋಣೆಗೆ ಮಗಳನ್ನು ಕರೆದುಕೊಂಡು ಹೋದಾಗಲೆಲ್ಲ ನನಗೆ ಒಂದಲ್ಲ ಒಂದು ಆತಂಕ. ಎಷ್ಟು ಕೈ ದಾಟಿ ಬಂದ ಪುಸ್ತಕಗಳೋ, ಇವಳು ಹಾಳೆ ಮಗುಚಿದ ಬೆರಳನ್ನೇ ಬಾಯಿಗೆ ಹಾಕುತ್ತಾಳೆ. ಮೂಲೆಯ ಕಪಾಟು ಬೇರೆ ಅಲುಗಾಡುತ್ತದೆ. ನಾನು ಒಂದೊಂದನ್ನೂ ಮುಟ್ಟಿ ನೋಡುವುದನ್ನು ಕಂಡು ಅತ್ತೆ, "ಏನೇ, ಓದೋಕೆ ಬಂದಿದೀಯೋ ಮಹಜರು ಮಾಡೋಕೋ?" ಎನ್ನುತ್ತಿದ್ದಳು.

ಅತ್ತೆಗೆ ದೇವರ ಮೇಲೆ ಗಟ್ಟಿ ನಂಬಿಕೆ. ಕಾನೂನಿನ ಮೇಲೆ ಅದಕ್ಕಿಂತ ಗಟ್ಟಿ. ಎದುರಿನ ಜೆರಾಕ್ಸ್ ಅಂಗಡಿಯವನು ಅವಳಿಗೆ 'ಕಾಪಿರೈಟಮ್ಮ' ಎಂದು ಹೆಸರಿಟ್ಟಿದ್ದ. ಕಾಲೇಜು ಹುಡುಗರು ಇಡೀ ಪುಸ್ತಕವನ್ನು ನಕಲು ಮಾಡಿಸಲು ಹೊರಟರೆ ಬಾಗಿಲಲ್ಲೇ ತಡೆಯುತ್ತಿದ್ದಳು. "ನಾಲ್ಕು ಪುಟ ಬೇಕಾದ್ರೆ ಮಾಡಿಸ್ಕೋಪ್ಪಾ. ಪೂರ್ತಿ ಮಾಡಿದ್ರೆ ಬರೆದೋರ ಮುಂದಿನ ತಟ್ಟೆ ಎತ್ಕೊಂಡು ಹೋದ ಹಾಗೆ." ಹುಡುಗರು ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ.

ಮಕ್ಕಳ ಕೋಣೆಯಲ್ಲಿ ಒಂದು ತೆಳು ಪುಸ್ತಕವಿತ್ತು. ಅಜ್ಜ ಸತ್ತಮೇಲೆ ದೇವರ ಜೊತೆ ಮಾತು ಬಿಡುವ ಹುಡುಗಿಯ ಕಥೆ. ಕೊನೆಯ ಪುಟದಲ್ಲೂ ಅವಳು ರಾಜಿಯಾಗುವುದಿಲ್ಲ. ಬರೆದವರು ತೀರಿಕೊಂಡು ಬಹಳ ಕಾಲವಾಗಿತ್ತು, ಅಚ್ಚು ನಿಂತುಹೋಗಿತ್ತು. ಎಲ್ಲೆಲ್ಲೋ ವಿಚಾರಿಸಿ ನೋಡಿದ ಅತ್ತೆಗೆ ಗೊತ್ತಿದ್ದ ಮಟ್ಟಿಗೆ ಉಳಿದದ್ದು ಅದೊಂದೇ ಪ್ರತಿ. ಮಗಳಿಗೆ ಕೊಡುವ ಮೊದಲು ನಾನೇ ಓದಿದೆ. ಆಮೇಲೆ ಇವಳು ಪ್ರಾರ್ಥನೆಯನ್ನೇ ಬಿಟ್ಟುಬಿಟ್ಟರೆ ಏನು ಗತಿ ಎಂದು ನಿದ್ದೆಗೆಟ್ಟೆ. ಅವಳು ಏನೂ ಬಿಡಲಿಲ್ಲ. "ದೇವರಿಗೆ ಬೇಜಾರಾಯ್ತಾ ಅಮ್ಮ?" ಎಂದು ಕೇಳಿ ಮತ್ತೆ ಅದನ್ನೇ ತಂದುಕೊಡು ಎಂದಳು.

ಎಲ್ಲ ತಾಯಂದಿರೂ ನನ್ನ ಹಾಗೆ ಮನೆಯಲ್ಲೇ ಹೆದರಿ ಸುಮ್ಮನಾಗುವವರಲ್ಲವಲ್ಲ. ಸ್ಕೂಲ್ ವ್ಯಾನಿಗೆ ಕಾಯುವಾಗ ಪಕ್ಕದಲ್ಲಿ ನಿಲ್ಲುವ ಒಬ್ಬಾಕೆ ಹತ್ತಾರು ಜನರನ್ನು ಕಟ್ಟಿಕೊಂಡು ಲೈಬ್ರರಿ ಸಮಿತಿಗೆ ಆ ಪುಸ್ತಕದ ಮೇಲೆ ದೂರು ಕೊಟ್ಟಳು. ಸಮಿತಿಯ ಅಧ್ಯಕ್ಷರು ಔಷಧಿ ಅಂಗಡಿಯವರು. ಅಂಗಡಿ ಮುಚ್ಚಿ ನೇರ ಅತ್ತೆಯ ಮೇಜಿನ ಮುಂದೆ ಬಂದು ಕೂತರು. ನಾನೂ ಮಗಳ ಪುಸ್ತಕ ಹಿಂತಿರುಗಿಸಲು ಅಲ್ಲೇ ನಿಂತಿದ್ದೆ.

"ಮೇಡಂ, ನೀವೇ ದೇವರನ್ನ ನಂಬೋರು. ಇಂಥದ್ದನ್ನ ಹೇಗೆ ಇಟ್ಕೊಂಡ್ರಿ?"

"ನಂಬೋದ್ರಿಂದ್ಲೇ ಇಟ್ಕೊಂಡಿದೀನಿ ಸಾರ್. ನಾನು ಬೇಡ್ಕೊಳ್ಳೋ ದೇವರು ಮಕ್ಕಳ ಪುಸ್ತಕಕ್ಕೆ ಹೆದರೋನಲ್ಲ. ನಿಮ್ಮೋನು ಅಷ್ಟು ಪುಕ್ಕಲಾಗಿದ್ರೆ ಅದು ನಿಮ್ಮ ಕಷ್ಟ."

"ನಿಮಗೆ ಭಕ್ತಿ ಇದೆ ಅಂತ ಸುಮ್ಮನಿದೀನಿ. ಬೇರೆಯೋರಾಗಿದ್ರೆ ಇವತ್ತೇ ಮನೆಗೆ ಕಳಿಸ್ತಿದ್ದೆ. ಆ ಕಪಾಟಿನಿಂದ ಅದನ್ನ ತೆಗೀರಿ, ಅಷ್ಟೇ."

ಅವರು ಹೋದ ಕೂಡಲೇ ಅತ್ತೆ ಲೇಖಕರ ಮಗನಿಗೆ ಫೋನ್ ಮಾಡಿದಳು. ಹಕ್ಕು ಈಗ ಅವನದ್ದು. ಮರುಮುದ್ರಣ ಮಾಡಿಸಿ, ಇಲ್ಲವೇ ಒಂದು ನಕಲಿಗಾದರೂ ಒಪ್ಪಿಗೆ ಕೊಡಿ ಎಂದು ಕೇಳಿಕೊಂಡಳು. ಮಗ ಈಚೆಗೆ ಮಹಾ ದೈವಭಕ್ತನಾಗಿದ್ದನಂತೆ. "ಅಪ್ಪ ತಿಳೀದೆ ಬರೆದದ್ದು. ಇರೋದೊಂದೂ ಹೋದ್ರೆ ಒಳ್ಳೇದೇ ಆಯ್ತು. ನಕಲು ಮಾಡಿದ್ರೆ ಕೋರ್ಟಿಗೆ ಎಳೀತೀನಿ," ಎಂದ. ಅತ್ತೆ ಫೋನ್ ಇಟ್ಟು ಕನ್ನಡಕ ಒರೆಸಿಕೊಂಡಳು.

ನಾನು ಮೊಬೈಲ್ ತೆಗೆದೆ. "ಅತ್ತೆ, ಪುಟ ಪುಟ ಫೋಟೋ ಹೊಡೆದುಬಿಡ್ತೀನಿ. ಯಾರಿಗೆ ಗೊತ್ತಾಗತ್ತೆ?"

"ಒಳಗಿಡೆ ಅದನ್ನ."

"ಆ ಮನುಷ್ಯ ಅಪ್ಪನ ಪುಸ್ತಕವನ್ನೇ ಸಾಯಿಸ್ತಿದಾನೆ. ಅವನಿಗೆಂಥ ಹಕ್ಕು?"

"ನಂಗಿಷ್ಟ ಆದೋರಿಗೆ ಮಾತ್ರ ಹಕ್ಕು ಅಂದ್ರೆ ನಾನೂ ಆ ಔಷಧಿ ಅಂಗಡಿಯೋನೂ ಒಂದೇ ಆಗ್ತೀವಲ್ಲೇ," ಎಂದಳು. ನನಗೆ ಮೈಯೆಲ್ಲ ಉರಿಯಿತು. ಇಂಥ ಪ್ರಾಮಾಣಿಕತೆಯಿಂದ ಯಾರ ಉದ್ಧಾರವಾಗಬೇಕೋ ನನಗೆ ಇಂದಿಗೂ ಅರ್ಥವಾಗಿಲ್ಲ.

ಆದರೂ ಅವಳು ಸುಮ್ಮನೆ ಕೈಕಟ್ಟಿ ಕೂರಲಿಲ್ಲ. ಲೈಬ್ರರಿಯವರಿಗೆ ಮಾತ್ರ ತಿಳಿದ ಒಂದು ದಾರಿಯಿದೆ. ಪುಸ್ತಕದ ಬೆನ್ನಿನ ಸಂಖ್ಯೆ ಒಂದು, ಇಟ್ಟ ಕಪಾಟು ಇನ್ನೊಂದು ಎಂದಾದರೆ ಅದು ಇದ್ದೂ ಇಲ್ಲದ ಹಾಗೆ. ಹುಡುಕುವವರು ಅದರ ಜಾಗದಲ್ಲಷ್ಟೇ ಹುಡುಕುತ್ತಾರೆ. ಅತ್ತೆ ಅದನ್ನು ಒಯ್ದು ಯಾರೂ ಸುಳಿಯದ ಪಂಪ್‌ಸೆಟ್ ರಿಪೇರಿ ಪುಸ್ತಕಗಳ ನಡುವೆ ತೂರಿಸಿದಳು. "ತೆಗೀರಿ ಅಂದ್ರು, ತೆಗೆದೆ. ಸುಳ್ಳು ಹೇಳಲಿಲ್ಲ, ಕದೀಲಿಲ್ಲ," ಎಂದಳು. ಜನರ ಸಿಟ್ಟು ಇಳಿದಮೇಲೆ ವಾಪಸು ತರುವುದೆಂದು ಅವಳ ಲೆಕ್ಕ. ಸಿಟ್ಟು ಇಳಿಯುವ ಮೊದಲೇ ನಿವೃತ್ತಿ ಬಂತು.

ಅವಳ ಜಾಗಕ್ಕೆ ಬಂದವಳು ಹಿಂದೆ ಅವಳೇ ಪಳಗಿಸಿದ್ದ, ಆಮೇಲೆ ಬೇರೆ ಊರಿನ ಶಾಖೆಗೆ ಹೋಗಿದ್ದ ಸಹಾಯಕಿ. ಅತ್ತೆ ಗುಟ್ಟನ್ನು ಅವಳಿಗೆ ಹೇಳಲಿಲ್ಲ. ನಾಳೆ ವಿಚಾರಣೆಯಾದರೆ ಆ ಹುಡುಗಿಯ ಕೆಲಸಕ್ಕೆ ಕುತ್ತು ಎಂಬ ಕಾಳಜಿ. ನಾನಾದರೂ ಅವಳಿಗೆ ಹೇಳಬಹುದಿತ್ತಲ್ಲ? ನಾನೂ ಬಾಯಿ ಮುಚ್ಚಿಕೊಂಡಿದ್ದೆ, ಯಾರ ಮನೆಯೊಲೆಗೆ ನೀರು ಬೀಳುವುದೋ ಎಂದು.

ಕೆಲವು ತಿಂಗಳ ನಂತರ ಅತ್ತೆ, ಮಗಳು, ನಾನು ಹೋದೆವು. ಅತ್ತೆ ನೇರ ಪಂಪ್‌ಸೆಟ್ ಕಪಾಟಿಗೆ ಹೋಗಿ ಬರಿಗೈಯಲ್ಲಿ ಬಂದಳು. ಹೊಸ ಲೈಬ್ರರಿಯನ್ ಎದ್ದು ನಿಂತು ಕುರ್ಚಿ ಕೊಟ್ಟಳು.

"ಮೇಡಂ, ನೀವು ಹೇಳಿಕೊಟ್ಟ ಹಾಗೇ ಪ್ರತಿ ವಾರ ಕಪಾಟು ಕಪಾಟು ಸಂಖ್ಯೆ ನೋಡ್ಕೊಂಡು ಹೋಗ್ತೀನಿ. ಪಂಪ್ ರಿಪೇರಿಯಲ್ಲಿ ಮಕ್ಕಳ ಪುಸ್ತಕ ಸಿಕ್ತು ನೋಡಿ! ಯಾರೋ ತಲೆಕೆಟ್ಟೋರು ಇಟ್ಟಿದ್ರು. ಅದರ ಜಾಗಕ್ಕೆ ಹಾಕ್ದೆ. ಆಮೇಲೆ ಅಧ್ಯಕ್ಷರು ಕಣ್ಣಿಗೆ ಬಿತ್ತು ಅಂತ ತಗೊಂಡು ಹೋದ್ರು. ಹರಿದು ರದ್ದಿಗೆ ಹಾಕಿಸಿದ್ರಂತೆ. ನಂಗೆ ಅದರ ಗಲಾಟೆನೇ ಗೊತ್ತಿರ್ಲಿಲ್ಲ. ತಪ್ಪಾಯ್ತಾ ಮೇಡಂ?"

ಅತ್ತೆ ಅವಳ ಮುಖವನ್ನೇ ನೋಡಿದಳು. "ಇಲ್ಲಮ್ಮ. ಸರಿಯಾಗೇ ಮಾಡಿದೀಯ. ಹಾಗೇ ಮಾಡ್ಬೇಕು," ಎಂದಳು.

ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. "ಅವತ್ತು ಫೋಟೋ ತೆಗೆಯೋಕೆ ಬಿಟ್ಟಿದ್ರೆ..."

"ಉಳೀತಿತ್ತು. ಗೊತ್ತು. ಈಗ ಯಾರನ್ನ ಬೈಲಿ ಹೇಳು? ಆ ಹುಡುಗಿ ನಾನು ಕಲಿಸಿದ್ದನ್ನ ಮಾಡಿದ್ಳು. ಹಕ್ಕು ಹಕ್ಕು ಅಂತ ಬಡ್ಕೊಂಡೋಳೂ ನಾನೇ. ಇನ್ನು ಆ ಅಧ್ಯಕ್ಷ, ಅವನು ನನ್ನ ದೇವರ ಹೆಸರನ್ನೇ ಹಿಡ್ಕೊಂಡು ಬಂದ. ಹೊರಗಿನೋರು ಯಾರೂ ಸಿಗ್ತಿಲ್ವಲ್ಲೇ ಬೈಯೋಕೆ."

ಮಗಳು ಅವಳ ಸೆರಗು ಎಳೆದಳು. "ಅಜ್ಜೀ, ಆ ಹುಡುಗಿ ದೇವರ ಜೊತೆ ಆಮೇಲೂ ಮಾತಾಡ್ಲೇ ಇಲ್ವಾ?"

"ಇಲ್ಲ ಪುಟ್ಟ."

"ಯಾಕೆ?"

ಅತ್ತೆ ನಿಂತಳು.

"ಅದನ್ನ ಪುಸ್ತಕದಲ್ಲಿ ಚೆನ್ನಾಗಿ ಹೇಳಿತ್ತು," ಎಂದಳು. "ನಂಗೆ ಹಾಗೆ ಹೇಳೋಕೆ ಬರಲ್ಲ."