ಅರ್ಧ ಹೊಳೆಯ ಅಂಬಿಗ

ನಮ್ಮ ಹೊಳೆ ದಾಟುವ ಕಡವಿನ ಅಂಬಿಗನಿಗೆ ಹಟ ಹೆಚ್ಚು, ಮಾತು ಕಡಿಮೆ. ದೋಣಿಯಲ್ಲಿ ಒಬ್ಬರ ಪೆಟ್ಟಿಗೆ ಕಳುವಾದಾಗ ಅನುಮಾನ ಅವನ ಮೇಲೆ ಬಿತ್ತು, ಅವನು ಸೆರೆಯಾದ. ಹೆಂಡತಿಯ ತಮ್ಮ ಜಾಮೀನು ನಿಂತು ಬಿಡಿಸಿ ತಂದ. ವಿಚಾರಣೆ ಮುಗಿಯುವವರೆಗೆ ಜಿಲ್ಲೆಯ ಗಡಿ ದಾಟಕೂಡದೆಂದು ನ್ಯಾಯಾಲಯ ಷರತ್ತು ವಿಧಿಸಿತ್ತು. ಬೇರೆ ಯಾರಿಗಾದರೂ ಇದು ಹಗುರವಾದ ಷರತ್ತು. ಆದರೆ ನಮ್ಮ ಜಿಲ್ಲೆಯ ಗಡಿ ಇರುವುದು ಹೊಳೆಯ ನಟ್ಟನಡುವೆ, ಮುರಿದ ಸೇತುವೆಯ ಕಂಬದ ಬಳಿ.

"ಅಷ್ಟೆಲ್ಲ ಯಾರು ನೋಡ್ತಾರೆ? ಹುಟ್ಟು ಹಾಕು" ಎಂದರು ಜನ.

"ನಾನು ನೋಡ್ತೀನಲ್ಲ. ಜಾಮೀನು ನಿಂತೋನ ತಲೆ ಮೇಲೆ ಕಲ್ಲು ಎತ್ತಿಹಾಕಲಾ?"

ಉಪಾಯ ಹೂಡಿದವಳು ಹೆಂಡತಿ. ಅವಳ ತಮ್ಮ ಆಚೆ ದಡದಿಂದ ಇನ್ನೊಂದು ದೋಣಿ ತರುವನು. ಕಂಬದ ಬಳಿ ಇಬ್ಬರೂ ಒಬ್ಬರ ದೋಣಿಗೆ ಇನ್ನೊಬ್ಬರು ಜಿಗಿದು, ತಮ್ಮ ತಮ್ಮ ದಡಕ್ಕೆ ಹಿಂದಿರುಗುವರು. ಪ್ರಯಾಣಿಕರು ಕುಳಿತಲ್ಲಿಂದ ಏಳಬೇಕಿರಲಿಲ್ಲ, ನಗುವುದೊಂದೇ ಅವರ ಕೆಲಸ.

"ಮೀನುಗಳಿಗೂ ಜಾಮೀನು ಆಗಿದ್ಯಾ ಕೇಳಪ್ಪಾ!" ಎಂದು ಒಬ್ಬ ಕೂಗಿದರೆ, ಹೆಂಡತಿಯ ತಮ್ಮ ಜಿಗಿಯುತ್ತಲೇ ಗೊಣಗುವನು: "ಭಾವ, ನಿನ್ನ ದೆಸೆಯಿಂದ ನಾನು ಕೋತಿ ಆದೆ."

"ಬಾಲ ಒಂದು ಕಡಿಮೆ, ನಡಿ ನಡಿ."

ಇದನ್ನು ಹುಂಬತನವೆಂದವರುಂಟು. ನಾನು ಹಾಗೆನ್ನಲಾರೆ. ಕೊಟ್ಟ ಮಾತಿಗೆ ಕಾವಲುಗಾರ ಬೇಕಾಗದವನು ಅವನು.

ಮಳೆಗಾಲ ಸಮೀಪಿಸಿ ಸೆಳವು ಏರಿತು. ಒಂದು ದಿನ ಜಿಗಿತ ತಪ್ಪಿ ಹೆಂಡತಿಯ ತಮ್ಮ ಸೊಂಟದವರೆಗೆ ನೀರಿಗಿಳಿದು ದೋಣಿಯ ಅಂಚಿಗೆ ಜೋತುಬಿದ್ದ. ಕಡವಿನ ಗುತ್ತಿಗೆದಾರ ಕಡ್ಡಿ ಮುರಿದಂತೆ ಹೇಳಿಬಿಟ್ಟ: "ದಡದಿಂದ ದಡಕ್ಕೆ ಹೋಗೋ ಹಾಗಿದ್ರೆ ಇರು. ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೋತೀನಿ."

ಷರತ್ತನ್ನು ಸಡಿಲಿಸಬೇಕೆಂದು ಗಂಡಹೆಂಡಿರು ನ್ಯಾಯಾಲಯದ ಮೆಟ್ಟಿಲೇರಿದರು. ಸರ್ಕಾರಿ ವಕೀಲರು ಒಪ್ಪಲಿಲ್ಲ. "ಇವನ ಕೈಯಲ್ಲಿ ದೋಣಿಯೇ ಇದೆ ಸ್ವಾಮಿ. ಆಚೆ ದಡ ಮುಟ್ಟಿದರೆ ಮತ್ತೆ ಸಿಗ್ತಾನಾ?"

ಹೆಂಡತಿ ಎದ್ದು ನಿಂತಳು. "ಓಡೋ ಬುದ್ಧಿ ಇದ್ದಿದ್ರೆ ನಡುಹೊಳೇಲಿ ಯಾಕೆ ದೋಣಿ ಬದಲಾಯಿಸ್ತಿದ್ರು ಸ್ವಾಮಿ? ಮನೇಲಿ ಒಂದು ಬಿಂದಿಗೆ ನೀರು ತನ್ನಿ ಅಂದ್ರೂ ಇವರು ಓಡೋರಲ್ಲ!"

ನ್ಯಾಯಾಧೀಶರು ನಗುವನ್ನು ಕೆಮ್ಮಿನಲ್ಲಿ ಅಡಗಿಸಿಕೊಂಡರು. ದೋಣಿ ಬದಲಿಸಿದ ಕಥೆಯನ್ನೆಲ್ಲ ಕೇಳಿ, ಜಾಮೀನುದಾರನನ್ನೂ ವಿಚಾರಿಸಿ, ಕೊನೆಗೆ ಹೇಳಿದರು: "ಆರೋಪಿ ವಿಚಾರಣೆಗೆ ಬರಲಿ ಅಂತ ಷರತ್ತು ಹಾಕೋದು, ಅವನ ಹೊಟ್ಟೆ ಮೇಲೆ ಹೊಡೆಯೋಕಲ್ಲ. ತೀರ್ಪಿಗೆ ಮೊದಲೇ ಶಿಕ್ಷೆ ಕೊಡೋ ಅಧಿಕಾರವನ್ನ ಸಂವಿಧಾನ ನಮಗೆ ಕೊಟ್ಟಿಲ್ಲ." ಕೆಲಸಕ್ಕಾಗಿ ಗಡಿ ದಾಟಲು ಅನುಮತಿ ಸಿಕ್ಕಿತು.

ಪ್ರಕರಣ ಇನ್ನೂ ಮುಗಿದಿಲ್ಲ. ನ್ಯಾಯಾಲಯ ಕರೆದಾಗಲೆಲ್ಲ ಅಂಬಿಗ ಒಗೆದ ಅಂಗಿ ತೊಟ್ಟು ಹೋಗಿ ಬರುತ್ತಾನೆ. ಅನುಮತಿ ಸಿಕ್ಕ ಮರುದಿನ ಬೆಳಿಗ್ಗೆ ಮಾತ್ರ ಅವನು ಕಂಬದ ಬಳಿ ನಿಲ್ಲದೆ ಆಚೆ ದಡದವರೆಗೂ ಹುಟ್ಟು ಹಾಕಿದ. ಪ್ರಯಾಣಿಕರನ್ನು ಇಳಿಸಿ, ಅಲ್ಲಿನ ಮರಳಿನಲ್ಲಿ ಕಾಲು ಚಾಚಿ ಕುಳಿತುಬಿಟ್ಟ.

"ಭಾವ, ಜನ ಕಾಯ್ತಿದಾರೆ!" ಎಂದು ದಡದಲ್ಲಿದ್ದ ಹೆಂಡತಿಯ ತಮ್ಮ ಕೂಗಿದ.

"ಕಾಯ್ಲಿ ಬಿಡು," ಎಂದ ಅಂಬಿಗ, "ನಾನು ಎಷ್ಟು ಕಾದಿಲ್ಲ?"